ಆಗುಂಬೆಯ ಮಳೆಯಲ್ಲಿ ಡ್ರ್ಯಾಗನ್ ಬೆಂಕಿ ಉಗುಳುವುದು ಹೇಗೆ?

ಬೆನ್ನುಮೂಳೆ ಇದ್ದು ನೆಲದ ಮೇಲೆ ಓಡಾಡುವ ಪ್ರಾಣಿಗಳಲ್ಲಿ ಆರು ಕೈಕಾಲಿರುವುದು ಒಂದೂ ಇಲ್ಲ. ಹಕ್ಕಿ ತನ್ನ ಮುಂಗಾಲನ್ನೇ ರೆಕ್ಕೆ ಮಾಡಿಕೊಂಡಿತು. ಬಾವಲಿ ಬೆರಳುಗಳನ್ನು ಉದ್ದಕ್ಕೆ ಬೆಳೆಸಿ ನಡುವೆ ತೊಗಲು ಹಾಸಿಕೊಂಡಿತು. ಡೈನೋಸಾರ್‌ಗಳ ಕಾಲದ ಟೆರೋಸಾರ್‌ಗಳು ನಾಲ್ಕನೇ ಬೆರಳೊಂದನ್ನೇ ಮೀಟರುಗಟ್ಟಲೆ ಬೆಳೆಸಿದವು. ಯಾರೇ ಹಾರಲಿ, ಎರಡು ಕೈ ತೆತ್ತೇ ಹಾರಿದ್ದಾರೆ. ಚಿತ್ರಗಳಲ್ಲಿನ ಡ್ರ್ಯಾಗನ್‌ನಂತೆ ನಾಲ್ಕು ಕಾಲೂ ಇರಬೇಕು, ಬೆನ್ನ ಮೇಲೆ ಬೇರೆಯೇ ಎರಡು ರೆಕ್ಕೆಯೂ ಬೇಕು ಅಂದರೆ, ಮೀನಿನ ವಂಶದವರು ನೀರು ಬಿಟ್ಟು ಮೇಲೆ ಬಂದ ಕಾಲಕ್ಕೆ, ಸುಮಾರು 37 ಕೋಟಿ ವರ್ಷ ಹಿಂದಕ್ಕೆ ಹೋಗಿ, ಅಲ್ಲಿಂದಲೇ ತಿದ್ದಿಕೊಂಡು ಬರಬೇಕು. ಹಾಗೆ ತಿದ್ದಿದರೆ ಆ ಲೋಕದ ದನ, ನಾಯಿ, ಮನುಷ್ಯರಿಗೂ ಆರಾರು ಕೈಕಾಲು ಬರುತ್ತವೆ. ಡ್ರ್ಯಾಗನ್ ಒಂದಕ್ಕೇ ಆ ರಿಯಾಯಿತಿ ಕೊಡುವುದು ಪಕ್ಷಪಾತ.

ನಾನು ಬರೆಯುತ್ತಿರುವುದು ಹೈಸ್ಕೂಲು ಮಕ್ಕಳು ಓದಬಹುದಾದ, ಡ್ರ್ಯಾಗನ್‌ಗಳಿರುವ ಒಂದು ಫ್ಯಾಂಟಸಿ ಕಾದಂಬರಿ. ಚಿತ್ರ ಬರೆಯುವವಳು ತಂಗಿಯ ಮಗಳು ಪುಟ್ಟಿ. ಅವಳು ಶಿವಮೊಗ್ಗದಲ್ಲಿ ಓದುತ್ತಾಳೆ, ನಾನು ಅಲ್ಲೇ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಶನಿವಾರ ಬಂತೆಂದರೆ ಇಬ್ಬರೂ ತೀರ್ಥಹಳ್ಳಿ ಕಡೆಯ ಬಸ್ಸು ಹತ್ತಿ ಊರಿಗೆ ಹೋಗುತ್ತೇವೆ. ಜಗುಲಿಯ ಮೇಲೆ ಕಾಗದ ಹರಡಿಕೊಂಡು ಕೂರುತ್ತೇವೆ. ಕಾದಂಬರಿಯ ನಾಡಿಗೆ ಹೆಸರು ಬೇರೆ ಇಟ್ಟಿದ್ದರೂ ಅದು ನಮ್ಮ ಮಲೆನಾಡೇ. ಅದೇ ದಟ್ಟಕಾಡಿನ ಕಾನು, ಅದೇ ಹುಲ್ಲುಗುಡ್ಡದ ಬ್ಯಾಣ, ಅದೇ ಜಂಬಿಟ್ಟಿಗೆ ಕಲ್ಲಿನ ಕೆಂಪು ನೆಲ. ಮುಖ್ಯವಾಗಿ ಅದೇ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ.

ಆದ್ದರಿಂದ ನಮ್ಮಲ್ಲಿ ಒಂದು ಕರಾರಾಯಿತು. ಯಾವ ಡ್ರ್ಯಾಗನ್ ಹುಟ್ಟಿಸಿದರೂ, ಆರಿದ್ರೆ ಮಳೆಯಲ್ಲಿ ಅದು ಎಲ್ಲಿ ಮಲಗುತ್ತದೆ, ಏನು ತಿನ್ನುತ್ತದೆ ಎಂದು ಹೇಳಬೇಕು. ಹೇಳಲು ಬಾರದಿದ್ದರೆ ಅದಕ್ಕೆ ಬಣ್ಣ ಹಚ್ಚುವಂತಿಲ್ಲ. ಕರಾರು ಹಾಕಿದ್ದು ನಾನು, ಬೈಗುಳ ತಿಂದದ್ದೂ ನಾನೇ. ಎಷ್ಟೋ ಒಳ್ಳೆಯ ಚಿತ್ರಗಳು ಅದರಿಂದಾಗಿ ಕಸದ ಬುಟ್ಟಿಗೆ ಹೋದವು. ಬೇರೆಯವರು ಬಣ್ಣ, ಕೋಡು, ಕಣ್ಣಿನ ಕಾಂತಿಯಿಂದ ಶುರು ಮಾಡುತ್ತಾರೋ ಏನೋ, ನನಗೆ ಮಾತ್ರ ಮಳೆಗಾಲದಿಂದ ಶುರು ಮಾಡಿದಾಗಲೇ ಪ್ರಾಣಿ ಮೈದುಂಬಿಕೊಂಡಿತು.

ಆರು ಕೈಕಾಲಿನ ತೊಡಕಿಗೆ ಪರಿಹಾರ ಸಿಕ್ಕಿದ್ದು ನಮ್ಮದೇ ಅಡಿಕೆ ತೋಟದಲ್ಲಿ. ಹಾರುವ ಓತಿ ಮಲೆನಾಡಿನವರಿಗೆ ಹೊಸದಲ್ಲ. ಬಾಲ ಸೇರಿಸಿದರೂ ಒಂದು ಗೇಣಿನಷ್ಟೇ ಇರುವ ಜೀವ. ಮರದ ತೊಗಟೆಗೆ ಅಂಟಿಕೊಂಡು ಇರುವೆ ಹೆಕ್ಕುತ್ತಿರುತ್ತದೆ. ಗಂಡಿನ ಗಂಟಲಲ್ಲಿ ಹಳದಿ ತೊಗಲಿನ ಬಾವುಟ ಒಂದು ಬಿಚ್ಚಿ ಮುಚ್ಚಿ ಆಗುತ್ತಿರುವುದು ಬಿಟ್ಟರೆ ಕಣ್ಣಿಗೇ ಬೀಳುವುದಿಲ್ಲ. ಅದರ ರೆಕ್ಕೆ ಕೈಯಿಂದ ಆದದ್ದಲ್ಲ. ಪಕ್ಕೆಲುಬುಗಳೇ ಮೈಯಿಂದಾಚೆ ಬೆಳೆದು, ಅವುಗಳ ಮೇಲೆ ತೊಗಲು ಹಾಸಿದೆ. ಬೇಕಾದಾಗ ಬಿಚ್ಚುತ್ತದೆ, ಬೇಡವಾದಾಗ ಮೈಗೆ ಮಡಚಿಕೊಳ್ಳುತ್ತದೆ. ನಾಲ್ಕು ಕಾಲು ನಾಲ್ಕೂ ಹಾಗೇ ಇವೆ. ಡ್ರ್ಯಾಗನ್‌ಗೆ ಬೇಕಾದ್ದು ಇದೇ ಅಲ್ಲವೇ? ವಿಜ್ಞಾನಿಗಳು ಅದರ ಕುಲಕ್ಕೆ ಇಟ್ಟಿರುವ ಹೆಸರೂ ಡ್ರಾಕೊ.

ಅಡಿಕೆ ಕೊನೆ ಇಳಿಸಲು ಬರುವ ಕೊನೆಗಾರರು ಮರದ ತುದಿಯಲ್ಲೇ ಅರ್ಧ ದಿನ ಕಳೆಯುವವರು. ಓತಿಯನ್ನು ಅವರಷ್ಟು ಹತ್ತಿರದಿಂದ ನೋಡಿದವರು ಕಡಿಮೆ. ಅವರನ್ನೇ ಕೇಳಿದೆ. "ಅದು ಹಾರಾದು ಎಂತದು ಅಕ್ಕ, ಜಾರಾದು" ಅಂದರು. "ಬಿಟ್ಟ ಮರದಾಗೆ ಇದ್ದಷ್ಟು ಎತ್ತರದಾಗೆ ಇನ್ನೊಂದು ಮರದಾಗೆ ಯಾವತ್ತೂ ಕೂರಲ್ಲ. ಕೆಳಗೇ ಕೂರ್ತದೆ. ಆಮೇಲೆ ಹತ್ತಬೇಕು." ಪಕ್ಕೆಲುಬಿನ ರೆಕ್ಕೆಯ ಇತಿಮಿತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು. ಆ ರೆಕ್ಕೆ ಬಡಿಯಲು ಬರುವುದಿಲ್ಲ, ತೇಲಲು ಮಾತ್ರ ಬರುತ್ತದೆ. ಮುಂದೆ ಓದಿದಾಗ ಇನ್ನೊಂದು ಸಂಗತಿ ತಿಳಿಯಿತು: ಮರ ಬಿಟ್ಟ ಕೂಡಲೇ ಓತಿ ಮುಂಗೈಗಳನ್ನು ಹಿಂದಕ್ಕೆ ತಂದು ರೆಕ್ಕೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದೆ, ಹಿಡಿದೇ ದಿಕ್ಕು ತಿರುಗಿಸುತ್ತದೆ. ಇದನ್ನು ವಿವರವಾಗಿ ದಾಖಲಿಸಿದ ಅಧ್ಯಯನ ಹೊರಬಂದದ್ದು 2017ರಲ್ಲಿ. ಕೊನೆಗೂ ಇಲ್ಲಿಯೂ ಕೈಗೆ ಬಿಡುವಿಲ್ಲ. ಡ್ರ್ಯಾಗನ್ ಹಾರುತ್ತಾ ಉಗುರಿನಿಂದ ರಾಜಕುಮಾರನನ್ನು ಎತ್ತಿಕೊಂಡು ಹೋಗುವ ಚಿತ್ರ ಆಗಲೇ ರದ್ದಾಯಿತು.

ಹೀಗೆ ಹುಟ್ಟಿದ ಮೊದಲ ಜಾತಿಗೆ ಹಾಳೆರೆಕ್ಕೆ ಎಂದು ಹೆಸರಿಟ್ಟೆವು. ಬಿಚ್ಚಿದ ರೆಕ್ಕೆಯ ಬಣ್ಣ ಒಣಗಿದ ಅಡಿಕೆ ಹಾಳೆಯದು. ಪುಟ್ಟಿಗೆ ಅದು ಒಂದಾಳುದ್ದ ಬೇಕಿತ್ತು. ನಾನು ಲೆಕ್ಕ ಹಾಕಿ ತೋರಿಸಿದೆ. ಪ್ರಾಣಿಯ ಉದ್ದ ಎರಡು ಪಟ್ಟಾದರೆ ರೆಕ್ಕೆಯ ವಿಸ್ತಾರ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟು. ರೆಕ್ಕೆಯ ಪ್ರತಿ ಅಂಗುಲದ ಮೇಲೆ ಬೀಳುವ ಭಾರ ಎರಡು ಪಟ್ಟಾಯಿತು. ಅಷ್ಟು ಭಾರ ತೇಲಬೇಕಾದರೆ ವೇಗ ಹೆಚ್ಚಬೇಕು, ವೇಗ ಹೆಚ್ಚಿದರೆ ಅಡಿಕೆ ಮರಕ್ಕೆ ಬಡಿಯುವ ಪೆಟ್ಟೂ ಹೆಚ್ಚು. ಒಂದಾಳುದ್ದದ್ದು ಕೂತರೆ ಮರವೇ ಮುರಿದೀತು. ಒಂದು ಮೊಳಕ್ಕೆ ರಾಜಿಯಾದೆವು. ಮಳೆಗಾಲದಲ್ಲಿ ಇದರ ಪಾಡೇನು ಎಂಬುದು ಸುಲಭವಾಗಿ ಬಗೆಹರಿಯಿತು: ಕೊಳೆರೋಗ ಬಾರದಿರಲೆಂದು ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆಯ ಹೊದಿಕೆ ಕಟ್ಟುತ್ತಾರಲ್ಲ, ಅದರೊಳಗೆ ಬೆಚ್ಚಗೆ ಮಲಗುತ್ತದೆ. ಕಾದಂಬರಿಯಲ್ಲಿ ಕೊಟ್ಟೆ ಬಿಚ್ಚುವ ದಿನ ಒಂದು ಅಧ್ಯಾಯವೇ ಇದೆ.

ದೊಡ್ಡದು ಬೇಕೇ ಬೇಕು ಎಂದು ಹಟ ಬಂದಾಗ ಪಕ್ಕೆಲುಬು ಬಿಟ್ಟು ಕೈಗೆ ಹಿಂತಿರುಗಿದೆವು. ಎರಡು ಹಿಂಗಾಲು, ಎರಡು ರೆಕ್ಕೆಗೈ. ನೆಲದ ಮೇಲೆ ರೆಕ್ಕೆ ಮಡಚಿ ಅದನ್ನೇ ಊರಿಕೊಂಡು ನಡೆಯುತ್ತದೆ. ಹೆಸರು ಬರೆಯಾಳಿ, ಘಟ್ಟದ ಕಡಿದಾದ ಬರೆಗಳಲ್ಲಿ ವಾಸ. ಗಾತ್ರ ಎಷ್ಟು? ಇಂದು ಬದುಕಿರುವ ಹಾರುವ ಹಕ್ಕಿಗಳಲ್ಲಿ ತೀರಾ ಭಾರದ್ದು ಅಂದರೂ 20 ಕಿಲೋ ಆಸುಪಾಸು. ಸುಮಾರು 60 ಲಕ್ಷ ವರ್ಷದ ಹಿಂದೆ ಅರ್ಜೆಂಟೀನಾದಲ್ಲಿದ್ದ ಅರ್ಜೆಂಟಾವಿಸ್ ಎಂಬ ಹಕ್ಕಿ 70 ಕಿಲೋ ತೂಗುತ್ತಿತ್ತು ಎಂಬ ಅಂದಾಜಿದೆ. ರೆಕ್ಕೆ ಬಿಚ್ಚಿದರೆ ಆರೇಳು ಮೀಟರ್. ಟೆರೋಸಾರ್‌ಗಳಲ್ಲಿ ಕ್ವೆಟ್ಜಾಲ್‌ಕೋಟ್ಲಸ್ ಇನ್ನೂ ದೊಡ್ಡದು: ಹತ್ತು ಮೀಟರ್ ರೆಕ್ಕೆ, ಇನ್ನೂರು ಕಿಲೋ ದಾಟಿದ ಮೈ.

"ಹಂಗಾರೆ ಅದನ್ನೇ ತಗೊಳ್ಳುವ ದೊಡ್ಡಮ್ಮ. ಕಥೆಯ ಹುಡುಗಿ ಸವಾರಿ ಮಾಡ್ಬೋದು."

"ಹತ್ತು ಮೀಟರ್ ರೆಕ್ಕೆ ಇಟ್ಕೊಂಡು ಕಾನಿನೊಳಗೆ ಎಲ್ಲಿ ಇಳೀತದೆ? ಕೊಂಬೆಗೆ ಕೊಂಬೆ ಹೆಣೆದಿರ್ತದೆ."

ಬಯಲುಸೀಮೆಯ ಡ್ರ್ಯಾಗನ್‌ಗೆ ಅಷ್ಟು ರೆಕ್ಕೆ ಇರಲಿ, ಇಲ್ಲಿ ಬೇಡ. ಅರ್ಜೆಂಟಾವಿಸ್‌ನ ಅಳತೆಗೆ ನಿಲ್ಲಿಸಿದೆವು. ಪುಟ್ಟಿ ಸೋಲೊಪ್ಪಲಿಲ್ಲ. ಆ ಲೋಕದ ಗುರುತ್ವಾಕರ್ಷಣೆಯನ್ನೇ ಕಡಿಮೆ ಮಾಡಿದರೆ ಎಂದಳು. ಮಾಡಬಹುದು. ಆದರೆ ಆಗ ಮಳೆಹನಿಯೂ ನಿಧಾನಕ್ಕೆ ಬೀಳುತ್ತದೆ, ಹೊಳೆ ನಿಧಾನಕ್ಕೆ ಹರಿಯುತ್ತದೆ, ಜೋಗದಲ್ಲಿ ಶರಾವತಿ ಧುಮುಕುವ ಬದಲು ತೇಲಿಕೊಂಡು ಇಳಿದಂತೆ ಕಾಣುತ್ತದೆ. ಹಂಚಿನ ಮೇಲೆ ಆ ಸದ್ದು ಮಾಡದ ಮಳೆ ಕಟ್ಟಿಕೊಂಡು ನಾನೇನು ಮಾಡಲಿ? ಒಂದು ಸವಾರಿಗೋಸ್ಕರ ಆಗುಂಬೆಯ ಮಳೆಯನ್ನು ಕೊಡಲು ನಾನು ತಯಾರಿರಲಿಲ್ಲ.

ಬರೆಯಾಳಿಯ ಮಳೆಗಾಲ ನಮ್ಮನ್ನು ಬಹಳ ಕಾಡಿತು. ಬಾವಲಿಗಳ ಮೇಲೆ ನಡೆದ ಪ್ರಯೋಗವೊಂದರಲ್ಲಿ, ಮೈ ನೆನೆದ ಬಾವಲಿಗೆ ಹಾರಲು ಸುಮಾರು ಎರಡರಷ್ಟು ಶಕ್ತಿ ಬೇಕಾಗುತ್ತದೆ ಎಂದು ಕಂಡುಬಂದಿದೆ. ಬೇಸಿಗೆಯಲ್ಲಾದರೆ ಕಾದ ಬಂಡೆಯಿಂದ ಬಿಸಿಗಾಳಿ ಮೇಲೇಳುತ್ತದೆ, ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಏರಬಹುದು. ಮಳೆಗಾಲದಲ್ಲಿ ಬಿಸಿಲೇ ಇಲ್ಲ. ಪಡುವಣ ಗಾಳಿ ಘಟ್ಟದ ಗೋಡೆಗೆ ಬಡಿದು ಮೇಲೇರುವುದು ನಿಜ, ಅದರ ಮೇಲೆ ತೇಲಬಹುದು. ಆದರೆ ಮೋಡ ಬರೆಗೆ ಅಂಟಿಕೊಂಡಿರುವಾಗ ಕೆಳಗೆ ಸತ್ತು ಬಿದ್ದದ್ದು ಕಾಣುವುದಾದರೂ ಹೇಗೆ? ಆದ್ದರಿಂದ ಅದಕ್ಕೆ ಮಳೆನಿದ್ದೆ ಕೊಟ್ಟೆವು. ಮೃಗಶಿರ ಹಿಡಿದ ಮೇಲೆ ಗುಹೆ ಸೇರುತ್ತದೆ. ಎದೆಬಡಿತ ಇಳಿಸಿ, ಬಾಲದ ಬುಡದಲ್ಲಿ ಕೂಡಿಟ್ಟ ಕೊಬ್ಬು ಕರಗಿಸುತ್ತಾ ಉತ್ತರೆ ಮಳೆಯವರೆಗೆ ಮಲಗಿರುತ್ತದೆ. ನವರಾತ್ರಿಯ ಹೊತ್ತಿಗೆ ಹೊರಬರುವ ಬರೆಯಾಳಿಗೆ ಹಸಿವೋ ಹಸಿವು.

ತಿನ್ನುವುದು ಹೆಣ. ಬೇಟೆಯಾಡುವ ಪ್ರಾಣಿಗಳ ಲೆಕ್ಕ ದುಬಾರಿ: ಹುಲಿಯೊಂದಕ್ಕೆ ವರ್ಷಕ್ಕೆ ಜಿಂಕೆ, ಕಡವೆ ಗಾತ್ರದ ಸುಮಾರು 50 ಬೇಟೆ ಬೇಕು, ಅಷ್ಟು ಸಿಕ್ಕೂ ಕಾಡಿನ ಸಂತತಿ ಕುಸಿಯದಿರಬೇಕಾದರೆ ಅದರ ಹತ್ತು ಪಟ್ಟು ಜಿಂಕೆ, ಕಡವೆ ಕಾಡಿನಲ್ಲಿರಬೇಕು. ಒಂದು ತಾಲ್ಲೂಕಿನಷ್ಟು ನಾಡಿನಲ್ಲಿ ಹುಲಿಯೂ ಇದ್ದು ಅದರ ಮೇಲೆ ಬೇಟೆಗಾರ ಡ್ರ್ಯಾಗನ್‌ಗಳ ಹಿಂಡೂ ಇರುವುದು ಆಗದ ಮಾತು. ಹೆಣ ತಿನ್ನುವುದೆಂದು ಗೊತ್ತಾದ ಕೂಡಲೇ ಕಥೆಗೂ ಒಂದು ಎಳೆ ಸಿಕ್ಕಿತು. ಸತ್ತ ದನವನ್ನು ಊರಾಚೆ ಹಾಕಿದರೆ ಗಂಟೆಯೊಳಗೆ ರಣಹದ್ದು ಇಳಿಯುತ್ತಿದ್ದ ಕಾಲವನ್ನು ಅಪ್ಪಯ್ಯ ಈಗಲೂ ಹೇಳುತ್ತಾರೆ. 1990ರ ದಶಕದಲ್ಲಿ ಶುರುವಾಗಿ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಸತ್ತುಹೋದವು. ಕಾರಣ ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ. ಆ ದನದ ಹೆಣ ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. 2006ರಲ್ಲಿ ದನಗಳ ಬಳಕೆಗೆ ಅದನ್ನು ನಿಷೇಧಿಸಿದರು. ನಮ್ಮ ಕಾದಂಬರಿಯಲ್ಲಿ ಬರೆಯಾಳಿಗಳು ಒಂದೊಂದಾಗಿ ಬರೆಯಿಂದ ಉದುರುವುದಕ್ಕೆ ಮಾಟ ಕಾರಣ ಎಂದು ಊರೆಲ್ಲ ನಂಬಿದೆ. ನಿಜವಾದ ಕಾರಣ ಪತ್ತೆ ಹಚ್ಚುವುದು ದನದ ನಾಟಿವೈದ್ಯೆಯ ಮಗಳು.

ಇನ್ನು ಬೆಂಕಿ ಉಗುಳುವ ಮೂರನೆಯ ಜಾತಿ. ಇದರ ಮೇಲೆ ಒಂದಿಡೀ ಬೇಸಿಗೆ ಹೋಯಿತು.

ಮೊದಲು ಹೊಳೆದದ್ದು ಹಿತ್ತಿಲ ಗೋಬರ್ ಗ್ಯಾಸ್. ಹಸುವೊಂದು ದಿನಕ್ಕೆ 250ರಿಂದ 500 ಲೀಟರಿನಷ್ಟು ಮೀಥೇನ್ ತೇಗುತ್ತದೆ. ಮೆಲುಕು ಹಾಕುವ ಹೊಟ್ಟೆಯಲ್ಲಿ ಹುಲ್ಲು ಕೊಳೆತು ಹುಟ್ಟುವ ಅನಿಲ ಅದು. ಅಂದರೆ ಉರಿಯುವ ಅನಿಲ ಬೇಕೆಂದರೆ ಡ್ರ್ಯಾಗನ್ ಸೊಪ್ಪು ಹುಲ್ಲು ತಿನ್ನಬೇಕು. ಮಾಂಸ ತಿನ್ನುವ ಹೊಟ್ಟೆಯಲ್ಲಿ ಅಷ್ಟು ಅನಿಲ ಹುಟ್ಟುವುದಿಲ್ಲ. ಅಪ್ಪಯ್ಯನಿಗೆ ಇದು ಕೇಳಿ ಬಹಳ ನಗು ಬಂತು. "ಹುಲ್ಲು ತಿನ್ನ ಡ್ರ್ಯಾಗನ್ನಾ? ಸಂಜೆ ಹಿಂಡಿ ಬೂಸನೂ ಕಲಸಿ ಇಡು ಹಂಗಾರೆ" ಅಂದರು. ನನಗಂತೂ ಆ ವಿಚಾರ ಬಿಡಲು ಮನಸ್ಸಾಗಲಿಲ್ಲ. ನೋಡಿದರೆ ಎದೆ ನಡುಗುವ, ಬೆಂಕಿ ಉಗುಳುವ ಪ್ರಾಣಿ ಮಧ್ಯಾಹ್ನ ನೆರಳಿನಲ್ಲಿ ಕೂತು ಮೆಲುಕು ಹಾಕುತ್ತಿರುವುದು ಎಷ್ಟು ಚೆಂದ.

ಆದರೆ ಮೀಥೇನ್ ನಮ್ಮ ಕೆಲಸಕ್ಕೆ ಒದಗಲಿಲ್ಲ. ಗಾಳಿಯಲ್ಲಿ ಅದರ ಪಾಲು ನೂರಕ್ಕೆ ಐದರಿಂದ ಹದಿನೈದರ ನಡುವೆ ಇದ್ದರಷ್ಟೇ ಹೊತ್ತಿಕೊಳ್ಳುತ್ತದೆ. ಬಾಯಿಂದ ಬಿಟ್ಟ ಅನಿಲ ಗಾಳಿಗೆ ಚದುರಿಹೋಗುತ್ತದೆ, ದೂರಕ್ಕೆ ಚಿಮ್ಮುವುದಿಲ್ಲ. ಹೊತ್ತಿದರೂ ಅದರ ಉರಿ ನೀಲಿ. ಹಗಲು ಹೊತ್ತಿನಲ್ಲಿ ನಮ್ಮ ಒಲೆಯ ಉರಿಯೇ ಸರಿಯಾಗಿ ಕಾಣುವುದಿಲ್ಲ. ಕಾಣದ ಬೆಂಕಿಯನ್ನು ಪುಟ್ಟಿ ಬರೆಯುವುದು ಹೇಗೆ?

ಬಾಂಬರ್ಡಿಯರ್ ದುಂಬಿಯನ್ನೂ ಪರೀಕ್ಷಿಸಿದೆವು. ಅದರ ಹೊಟ್ಟೆಯ ತುದಿಯಲ್ಲಿ ಹೈಡ್ರೋಕ್ವಿನೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಕೂಡಿಟ್ಟ ಚೀಲವಿದೆ. ಶತ್ರು ಬಂದಾಗ ಆ ದ್ರವ ಪಕ್ಕದ ಗಟ್ಟಿ ಕೋಣೆಗೆ ನುಗ್ಗುತ್ತದೆ. ಅಲ್ಲಿನ ಕಿಣ್ವಗಳು ತಾಗಿ ಕುದಿದು, ನೂರು ಡಿಗ್ರಿಯ ಹತ್ತಿರದ ಬಿಸಿಯಲ್ಲಿ ಪಟಪಟನೆ ಸಿಡಿಯುತ್ತದೆ. ಅದ್ಭುತ ಏರ್ಪಾಡು, ಆದರೆ ಅದು ಕುದಿನೀರಿನ ಬಿಸಿ. ಉರಿ ಹೊತ್ತಿಸಲು ಸಾಲದು.

ಉರಿಯುವ ವಸ್ತು ಕೊನೆಗೆ ದೇವರ ಮನೆಯಲ್ಲಿ ಸಿಕ್ಕಿತು. ಧೂಪ. ಸಾಲುಧೂಪದ ಮರಕ್ಕೆ ಗಾಯವಾದರೆ ಒಸರುವ ಅಂಟು ಕೆಂಡಕ್ಕೆ ಬಿದ್ದ ಕೂಡಲೇ ಹಳದಿ ಜ್ವಾಲೆ, ದಟ್ಟ ಹೊಗೆ, ಪರಿಮಳ. ಮರದ ಅಂಟನ್ನು ಹೊಟ್ಟೆಯಲ್ಲಿ ಕೂಡಿಡುವ ಜೀವಿ ನಿಜವಾಗಿಯೂ ಇದೆ. ಯುರೋಪಿನ ಪೈನ್ ಕಾಡುಗಳಲ್ಲಿ ಸಾಫ್ಲೈ ಎಂಬ ಕೀಟದ ಮರಿಹುಳು ಎಲೆ ತಿನ್ನುವಾಗ ಸಿಕ್ಕ ಅಂಟನ್ನು ಜೀರ್ಣಿಸದೆ ಮುಂಗರುಳಿನ ಪುಟ್ಟ ಚೀಲಗಳಲ್ಲಿ ಬೇರೆಯಾಗಿ ಇಟ್ಟುಕೊಳ್ಳುತ್ತದೆ, ಇರುವೆ ಮೈಮೇಲೆ ಬಂದರೆ ಉಗುಳುತ್ತದೆ. ನಮ್ಮ ಡ್ರ್ಯಾಗನ್‌ಗೂ ಗಂಟಲ ಇಬ್ಬದಿ ಅಂಥ ಚೀಲ ಕೊಟ್ಟೆವು. ದೀಪಾವಳಿಯಿಂದ ಶಿವರಾತ್ರಿಯವರೆಗೆ ಮರ ಕೆರೆದು ಕೆರೆದು ತುಂಬಿಸಿಕೊಳ್ಳುತ್ತದೆ. ಕಾಡಿನಲ್ಲಿ ಧೂಪ ತೆಗೆಯುವ ಜನಕ್ಕೂ ಅದಕ್ಕೂ ಒಂದೇ ಮರದ ಮೇಲೆ ತಕರಾರು. ಈ ತಕರಾರಿಗಾಗಿ ಹೊಸ ಖಳನಾಯಕ ಬೇಕಾಗಲಿಲ್ಲ.

ಹೊತ್ತಿಸುವ ಕಿಡಿ ಎಲ್ಲಿಂದ? ವಿದ್ಯುತ್ ಈಲ್ ಮೀನಿನಿಂದ ಎಂಬುದು ಪುಟ್ಟಿಯ ಸೂಚನೆ. ಅದರಲ್ಲಿ 860 ವೋಲ್ಟ್‌ವರೆಗೆ ದಾಖಲಾಗಿದೆ. ಆದರೆ ಗಾಳಿಯಲ್ಲಿ ಒಂದು ಮಿಲಿಮೀಟರ್ ಕಿಡಿ ಹಾರಲು ಸುಮಾರು 3,000 ವೋಲ್ಟ್ ಬೇಕು. ಎರಡು ಹಲ್ಲುಗಳನ್ನು ಕೂದಲೆಳೆಯ ಅಂತರದಲ್ಲಿ ಇಡಬೇಕಾಗುತ್ತದೆ. ನಡುವೆ ಒಂದು ಹುಲ್ಲೆಸಳು ಸಿಕ್ಕಿಕೊಂಡರೆ ಕಥೆ ಮುಗಿಯಿತು. ಆಗ ನೆನಪಾದದ್ದು ಹಳಬರ ಚಕಮಕಿ ಕಲ್ಲು. ಬೆಣಚುಕಲ್ಲಿಗೆ ಪೈರೈಟ್ ಎಂಬ ಕಬ್ಬಿಣ ಗಂಧಕದ ಖನಿಜ ಉಜ್ಜಿದರೆ ಕಿಡಿ ಹಾರುತ್ತದೆ. ಪೈರೈಟನ್ನು ಮೈಮೇಲೆ ಬೆಳೆಸಿಕೊಳ್ಳುವ ಪ್ರಾಣಿ ಹಿಂದೂ ಮಹಾಸಾಗರದ ತಳದಲ್ಲೇ ಇದೆ, ಬಿಸಿನೀರಿನ ಬುಗ್ಗೆಗಳ ಪಕ್ಕದಲ್ಲಿ ಬದುಕುವ ಒಂದು ಬಸವನಹುಳು. 2001ರಲ್ಲಿ ಕಂಡದ್ದು. ಅದರ ಪಾದದ ಹುರುಪೆಗಳಿಗೆ ಕಬ್ಬಿಣದ ಸಲ್ಫೈಡಿನ ಲೇಪವಿದೆ. ಕಲ್ಪನೆಗೆ ಇಷ್ಟು ಆಧಾರ ಸಿಕ್ಕಿದ ಮೇಲೆ ಇನ್ನೇನು? ನಮ್ಮ ನೆಲದಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಜಂಬಿಟ್ಟಿಗೆ ಕೆಂಪಾಗಿರುವುದೇ ಅದರಿಂದ. ಡ್ರ್ಯಾಗನ್ ಆ ಮಣ್ಣು ನೆಕ್ಕುತ್ತದೆ. ಮೇಲ್ದವಡೆಯ ಎರಡು ಹಲ್ಲುಗಳಿಗೆ ಪೈರೈಟ್ ಲೇಪ, ಕೆಳಗಿನ ಒಸಡಿನ ಗುಳಿಯಲ್ಲಿ ಹೊಳೆಯಿಂದ ಹೆಕ್ಕಿ ಇಟ್ಟುಕೊಂಡ ಬೆಣಚುಕಲ್ಲು. ದವಡೆ ಕಟಕ್ ಎಂದರೆ ಕಿಡಿ. ಅದೇ ಕ್ಷಣ ಗಂಟಲಿಂದ ಧೂಪದೆಣ್ಣೆಯ ತುಂತುರು. ಬೆಂಕಿ ಹೊತ್ತುವುದು ತುಟಿಯಿಂದಾಚೆ. ಬೆನ್ನಿಗೆ ಗಾಳಿ ಇದ್ದರೆ ಮಾತ್ರ ಉಗುಳುತ್ತದೆ, ಎದುರುಗಾಳಿಗೆ ಉಗುಳಿದ ಮರಿಗಳ ಮೂತಿಯಲ್ಲಿ ಸುಟ್ಟ ಕಲೆ ಇರುತ್ತದೆ. ಹೆಸರು ಕೊಳ್ಳಿಬಾಯಿ.

ಇಷ್ಟೆಲ್ಲ ಆದ ಮೇಲೂ ಮಳೆಯ ಕರಾರು ಬಾಕಿ ಇತ್ತು. ಮಳೆಯಲ್ಲಿ ಈ ಬೆಂಕಿ ಹೊತ್ತುವುದಿಲ್ಲ, ಹೊತ್ತಿಸಲು ನಾನು ಪ್ರಯತ್ನಿಸಲೂ ಇಲ್ಲ. ಕೊಳ್ಳಿಬಾಯಿಗೆ ಬೆಂಕಿ ಇರುವುದು ವರ್ಷಕ್ಕೆ ಮೂರ್ನಾಲ್ಕು ತಿಂಗಳು. ಚೀಲ ತುಂಬಿದರೂ ಎರಡು ಮೂರು ಸಲದ ಉಗುಳಿಗಷ್ಟೇ ಸಾಕು. ಇಷ್ಟು ಕಷ್ಟಪಟ್ಟು ಕೂಡಿಟ್ಟದ್ದನ್ನು ಯಾರದೋ ಸೈನ್ಯದ ಮೇಲೆ ಯಾಕೆ ಖರ್ಚು ಮಾಡುತ್ತದೆ? ಹುಲ್ಲು ತಿನ್ನುವ ಪ್ರಾಣಿಗೆ ಬೆಂಕಿಯಿಂದ ಏನು ಲಾಭ? ಉತ್ತರ ನಮ್ಮೂರಿನ ಗುಡ್ಡದ ಮೇಲಿತ್ತು. ಬೇಸಿಗೆಯಲ್ಲಿ ಬ್ಯಾಣಕ್ಕೆ ಬೆಂಕಿ ಬಿದ್ದರೆ ಒಣಹುಲ್ಲು ಸುಟ್ಟು, ಮೊದಲ ಮಳೆಗೆ ಎಳೆಹುಲ್ಲು ಚಿಗುರುತ್ತದೆ. ದನ ಸಾಕುವವರಿಗೆಲ್ಲ ಇದು ಗೊತ್ತು, ಆ ಬೆಂಕಿ ಕಾಡಿಗೆ ಹಬ್ಬದಿರಲೆಂದೇ ಅರಣ್ಯ ಇಲಾಖೆಯವರು ಬೆಂಕಿರೇಖೆ ಕಡಿಯುವುದು. ಕೊಳ್ಳಿಬಾಯಿ ತನ್ನ ಹುಲ್ಲುಗಾವಲನ್ನು ತಾನೇ ಸುಟ್ಟು ಸಾಗುವಳಿ ಮಾಡುವ ಪ್ರಾಣಿಯಾಯಿತು. ಆಸ್ಟ್ರೇಲಿಯಾದ ಮೂಲನಿವಾಸಿಗಳು, ಕೆಲವು ಹದ್ದುಗಳು ಉರಿಯುವ ಕಡ್ಡಿ ಹೊತ್ತೊಯ್ದು ಹುಲ್ಲಿಗೆ ಬೆಂಕಿ ಹಬ್ಬಿಸಿ ಬೇಟೆ ಹೊರಡಿಸುತ್ತವೆ ಎಂದು ಹೇಳುತ್ತಾರೆ. ಬೆಂಕಿ ಬಳಸುವುದು ಮನುಷ್ಯನೊಬ್ಬನ ಸೊತ್ತಲ್ಲ ಎಂದು ನಂಬಲು ನನಗೆ ಅಷ್ಟು ಸಾಕಾಯಿತು.

ಮಳೆಗಾಲದಲ್ಲಿ ಇದರ ತೊಂದರೆ ಬೇರೆ. ತಣ್ಣನೆ ರಕ್ತದ ಪ್ರಾಣಿಗೆ ಹುಲ್ಲು ಅರಗಬೇಕಾದರೆ ಬಿಸಿಲು ಕಾಯಿಸಬೇಕು, ಇಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಅದಕ್ಕೇ ಗಾತ್ರ ಹೆಚ್ಚಿಸಿದೆವು, ಐದಾರು ಕ್ವಿಂಟಾಲು, ಎಳೆಯ ಕಾಡುಕೋಣದಷ್ಟು. ದೊಡ್ಡ ಮೈ ಬಿಸಿಯನ್ನು ಬೇಗ ಬಿಡುವುದಿಲ್ಲ, ಹೊಟ್ಟೆಯಲ್ಲಿ ಹುಲ್ಲು ಹುಳಿಯುವಾಗಿನ ಶಾಖವೂ ಸೇರುತ್ತದೆ. ರೆಕ್ಕೆ ಇಲ್ಲ. ಪುಟ್ಟಿ ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಮೊಟ್ಟೆಯ ವಿಷಯದಲ್ಲಿ ನಾವು ಹೊಸದೇನನ್ನೂ ಹುಡುಕಲಿಲ್ಲ, ಕಾಳಿಂಗ ಸರ್ಪದಿಂದ ಎತ್ತಿಕೊಂಡೆವು. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ್ದೇ ಈ ಹಾವಿಗಾಗಿ. ನಮ್ಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದವೆಂದು 2024ರಲ್ಲಿ ಗುರುತಾಗಿ, ಅದರ ವೈಜ್ಞಾನಿಕ ಹೆಸರಿಗೂ ಕಾಳಿಂಗವೇ ಸೇರಿತು. ತರಗೆಲೆ ರಾಶಿ ಹಾಕಿ ಗೂಡು ಕಟ್ಟುವ ಹಾವೆಂದರೆ ಕಾಳಿಂಗಗಳಷ್ಟೇ. ಬೇಸಿಗೆಯ ಕೊನೆಗೆ ಮೊಟ್ಟೆ, ಮಳೆಗಾಲದ ನಡುವೆ ಮರಿ. ತಾಯಿ ಗೂಡಿನ ಮೇಲೆ ಕಾವಲಿರುತ್ತದೆ. ಕೊಳ್ಳಿಬಾಯಿಯ ಗೂಡೂ ಅಂಥದೇ, ಆಳೆತ್ತರದ ದರಗಿನ ರಾಶಿ. ದರಗು ಕೊಳೆಯುವ ಶಾಖವೇ ಕಾವು. ಇದಕ್ಕೆ ಮೊಸಳೆಯ ಒಂದು ಗುಣ ಸೇರಿಸಿದೆ: ಮರಿ ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಶಾಖ ನಿರ್ಧರಿಸುತ್ತದೆ. ರೋಹಿಣಿಯಲ್ಲೇ ಮಳೆ ಹಿಡಿದು ಗೂಡು ತಣ್ಣಗಾದ ವರ್ಷ ಹೆಣ್ಣೇ ಹೆಣ್ಣು. ಕಾದಂಬರಿ ಶುರುವಾಗುವಾಗ ಸತತ ಕೆಲವು ವರ್ಷ ಹಾಗೆಯೇ ಆಗಿದೆ. ಇಡೀ ಗುಡ್ಡಕ್ಕೆ ಒಂದೇ ಮುದಿ ಗಂಡು.

ನಡುವೆ ಬಳ್ಳಿಗಾವಿಗೂ ಕೆಳದಿಗೂ ಹೋಗಿ ಬಂದೆವು. ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬವಿದೆ: ಮನುಷ್ಯನ ಮೈ, ಎರಡು ಹಕ್ಕಿತಲೆ. ಕೆಳದಿಯ ರಾಮೇಶ್ವರ ದೇವಸ್ಥಾನದ ಮಾಡಿನಲ್ಲಿ ಇನ್ನೊಂದು ಗಂಡಭೇರುಂಡ. ಎರಡು ತಲೆ ಒಂದೇ ಕುತ್ತಿಗೆಗೆ ಹೇಗೆ ಕೂತಿವೆ, ಅನ್ನನಾಳ ಎಲ್ಲಿ ಕೂಡುತ್ತದೆ ಎಂದು ನಾನು ಶುರು ಮಾಡಿದಾಗ ಪುಟ್ಟಿ, "ದೊಡ್ಡಮ್ಮ, ಇಲ್ಲಿ ಸುಮ್ನಿರಿ" ಅಂದಳು. ಅವಳು ಹೇಳಿದ್ದು ಸರಿ. ಆ ಶಿಲ್ಪಿಗೆ ಬೇಕಾದದ್ದು ಬಲ, ಕರುಳಲ್ಲ. ಆ ಪ್ರವಾಸದಿಂದ ಒಂದು ಲಾಭವಾಯಿತು. ನಮ್ಮ ಕಥೆಯ ನಾಡಿನ ದೇವಸ್ಥಾನಗಳಲ್ಲಿ ಆರು ಕೈಕಾಲಿನ, ರೆಕ್ಕೆಯ, ಬೆಂಕಿ ಕಾರುವ ಡ್ರ್ಯಾಗನ್ ಕೆತ್ತನೆಗಳಿವೆ. ಅಲ್ಲಿನ ಶಿಲ್ಪಿಗಳು ಹಾಳೆರೆಕ್ಕೆ, ಬರೆಯಾಳಿ, ಕೊಳ್ಳಿಬಾಯಿ ಮೂರನ್ನೂ ಸೇರಿಸಿ ಒಂದು ಮಾಡಿದ್ದಾರೆ. ಪುಟ್ಟಿಯ ಮೊದಲಿನ ಚಿತ್ರಗಳೆಲ್ಲ ಹೀಗೆ ಕಲ್ಲಿನಲ್ಲಿ ಬದುಕಿಕೊಂಡವು.

ತುಂಗೆಯ ಮಡುಗಳಲ್ಲಿ ಮಕರದ ಜಾತಿಯ ನಾಲ್ಕನೆಯದೊಂದನ್ನು ಯೋಚಿಸಿದ್ದೆವು. ಮೊಸಳೆಗಿಂತ ಬೇರೆಯಾಗಿ ಅದು ಏನು ಮಾಡುತ್ತದೆ ಎಂದು ಹೇಳಲಾಗದೆ ಕೈಬಿಟ್ಟೆವು.

ಕೊನೆಗೆ ಕೂತದ್ದು ಪರೋಪಜೀವಿಗಳ ಮೇಲೆ. ಯಾವ ಡ್ರ್ಯಾಗನ್ ಚಿತ್ರದಲ್ಲೂ ಉಣುಗು ಕಂಡಿಲ್ಲ ನಾನು. ಕಾಡಿನಲ್ಲಿ ದನ ಮೇಯಿಸಿದವರಿಗೆ ಗೊತ್ತು, ಉಣುಗಿಲ್ಲದ ಪ್ರಾಣಿಯೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಉಣುಗು ತಮಾಷೆಯ ವಿಷಯವೂ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಹಿಂದೆಯೇ ಮನುಷ್ಯರಿಗೆ ಜ್ವರ ಬಂದು ಪತ್ತೆಯಾದದ್ದು ಮಂಗನ ಕಾಯಿಲೆ. ಹರಡುವುದು ಉಣುಗು. ಮಳೆ ಹೋಗಿ ಚಳಿ ಬಿದ್ದಾಗಿನಿಂದ ಮುಂದಿನ ಮಳೆಯವರೆಗೆ ಅದರ ಹಾವಳಿ. ಸೊಪ್ಪು ದರಗಿಗೆ ಹೋಗುವವರಿಗೆ ಆರೋಗ್ಯ ಇಲಾಖೆಯವರು ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಹಂಚುತ್ತಾರೆ.

ಹುಲ್ಲು ಸುಡುವ ತಿಂಗಳೂ ಉಣುಗಿನ ತಿಂಗಳೂ ಒಂದೇ ಎಂಬುದು ಕಂಡಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಕೊಳ್ಳಿಬಾಯಿ ಗುಡ್ಡ ಸುಟ್ಟಾಗ ಎಳೆಹುಲ್ಲಿಗೆ ದಾರಿಯಾಗುತ್ತದೆ, ತರಗಿನೊಳಗಿನ ಉಣುಗೂ ಸುಡುತ್ತದೆ. ನಮ್ಮ ಕಥೆಯ ಅರಸ, ಊರು ಸುಟ್ಟೀತು ಎಂಬ ನ್ಯಾಯವಾದ ಭಯದಿಂದಲೇ, ಬೆಂಕಿರೇಖೆ ಕಡಿಸಿ ಕೊಳ್ಳಿಬಾಯಿಗಳನ್ನು ಗುಡ್ಡದಿಂದ ಅಟ್ಟುತ್ತಾನೆ. ಎರಡು ಬೇಸಿಗೆ ಕಳೆಯುವುದರೊಳಗೆ ಮುಸುವಗಳು ಸಾಯತೊಡಗುತ್ತವೆ, ಆಮೇಲೆ ಜನ. ಸುಡಲು ಬಿಟ್ಟರೆ ಹುಲ್ಲುಮಾಡಿನ ಮನೆಗೆ ಅಪಾಯ, ಬಿಡದಿದ್ದರೆ ಜ್ವರ. ಇಬ್ಬರ ಮಾತಿನಲ್ಲೂ ಹುರುಳಿರುವ ಇಂಥ ಜಗಳವನ್ನು ಕೂತು ಹೊಸೆಯಲು ನನ್ನಿಂದ ಆಗುತ್ತಿರಲಿಲ್ಲ. ಪ್ರಾಣಿಯ ಹೊಟ್ಟೆ, ಹಲ್ಲು, ತೊಗಲಿನ ಲೆಕ್ಕ ಹಾಕುತ್ತಾ ಹೋದದ್ದಕ್ಕೆ ಸಿಕ್ಕಿತು.

ಸವಾರಿಯೂ ಕೊನೆಗೆ ಸಿಕ್ಕಿತು, ಆಕಾಶದಲ್ಲಲ್ಲ. ಆರು ಕ್ವಿಂಟಾಲಿನ ಕೊಳ್ಳಿಬಾಯಿ ಒಬ್ಬ ಹುಡುಗಿಯನ್ನು ಆರಾಮಾಗಿ ಹೊರುತ್ತದೆ. ಆದರೆ ಮಳೆ ಮುಗಿದು ದೀಪಾವಳಿ ಬರುವುದರೊಳಗೆ ಮಾತ್ರ. ಆಗ ಧೂಪದ ಚೀಲ ಖಾಲಿ, ಉಣುಗೂ ಕಡಿಮೆ. ಜೀನಿನ ಬದಲು ಮಡಚಿದ ಕಂಬಳಿ. ಪುಟ್ಟಿ ಸವಾರಳ ಚಿತ್ರ ಬರೆದು ಜಗುಲಿಗೆ ತಂದಾಗ ಅಪ್ಪಯ್ಯ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಬರಿಗಾಲಲ್ಲಿ ಕೂರ್ಸಿದ್ಯಲ್ಲೇ" ಅಂದರು. "ಕಡಿಮೆ ಅಂದ್ರೆ ಇಲ್ಲ ಅಂತಲ್ಲ. ಮಂಡಿವರೆಗೆ ಎಣ್ಣೆ ಹಚ್ಚಿಸು ಆ ಹುಡುಗಿಗೆ."

ಈಗ ಎಲ್ಲ ಚಿತ್ರದಲ್ಲೂ ಅವಳ ಕಾಲು ಮಂಡಿಯವರೆಗೆ ಮಿರಿಮಿರಿ ಮಿಂಚುತ್ತದೆ, ಸೊಂಟದಲ್ಲಿ ಎಣ್ಣೆಯ ಬುರುಡೆ ತೂಗುತ್ತಿರುತ್ತದೆ.